ದೊಡ್ಡ ಎಸ್‌ಯುವಿ ಇದೆಯಾ? ಎಂಜಿನ್ ರೀಕಾಲ್ ಬಂದರೆ ಏನು ಮಾಡಬೇಕು, ಆಯಿಲ್ ಹೇಗೆ ನೋಡಿಕೊಳ್ಳಬೇಕು: ಮೊದಲಿಂದ ಕೊನೆಯವರೆಗೆ

ಕಳೆದ ಸಲ ಆಯಿಲ್ ಚೇಂಜ್‌ಗೆ ಹೋದಾಗ ಕೆಲಸದ ಹುಡುಗ ಕಂಪ್ಯೂಟರ್ ನೋಡಿ, "ಈ ಗಾಡಿಗೆ 0ಡಬ್ಲ್ಯೂ-20 ಸರ್" ಎಂದು ಹೇಳಿ ಆಗಲೇ ಡಬ್ಬಿ ಎತ್ತಿಕೊಂಡಿದ್ದ. ನಾನು ಬಾನೆಟ್ ಕೆಳಗೆ ಬಗ್ಗಿ, ಆಯಿಲ್ ಸುರಿಯುವ ಬಾಯಿಗಿರುವ ಮುಚ್ಚಳ ತೋರಿಸಿದೆ. ಅದರ ಮೇಲೆ 0ಡಬ್ಲ್ಯೂ-40 ಅಂತ ಇತ್ತು. ಅವನು ಮುಚ್ಚಳ ನೋಡಿದ, ಸ್ಕ್ರೀನ್ ನೋಡಿದ, ಮತ್ತೆ ಮುಚ್ಚಳ ನೋಡಿದ. "ಯಾರೋ ಬೇರೆ ಗಾಡಿದು ಹಾಕಿಬಿಟ್ಟಿದ್ದಾರೆ ಅನ್ಸುತ್ತೆ" ಅಂದ.

ಯಾರೂ ಬೇರೆಯದು ಹಾಕಿರಲಿಲ್ಲ. ರೀಕಾಲ್‌ನಲ್ಲಿ, ಅಂದರೆ ದೋಷ ಕಂಡು ಗಾಡಿಗಳನ್ನು ವಾಪಸ್ ಕರೆಸಿದಾಗ, ಕಂಪನಿಯೇ ಆಯಿಲ್ ಗ್ರೇಡ್ ಬದಲಿಸಿ, ಜೊತೆಗೆ ಮುಚ್ಚಳವನ್ನೂ ಬದಲಿಸಿತ್ತು. ಅಂಗಡಿಯ ಕಂಪ್ಯೂಟರ್‌ಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ, ಅಷ್ಟೇ. ಅವತ್ತು ನಾನು ಒಳಗೆ ಫೋನ್ ನೋಡುತ್ತಾ ಕೂತಿದ್ದರೆ ತಪ್ಪು ಆಯಿಲ್ ಹಾಕಿಸಿಕೊಂಡು ಖುಷಿಯಾಗಿ ಮನೆಗೆ ಬರುತ್ತಿದ್ದೆ. ರೀಕಾಲ್ ಆಯ್ತು, ಇನ್ನು ಚಿಂತೆ ಇಲ್ಲ ಅಂದುಕೊಳ್ಳುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನು ಕೆಡುತ್ತದೆ ಅಂತ ತಿಳಿದುಕೊಳ್ಳಿ

ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಕನೆಕ್ಟಿಂಗ್ ರಾಡ್ ಆ ಓಟವನ್ನು ಕ್ರ್ಯಾಂಕ್‌ಶಾಫ್ಟ್‌ಗೆ ದಾಟಿಸುತ್ತದೆ, ಕ್ರ್ಯಾಂಕ್ ಸುತ್ತುತ್ತದೆ. ಇವೆರಡೂ ಸೇರುವ ಕಡೆ ಒಂದು ತೆಳುವಾದ ಬೇರಿಂಗ್ ಇದೆ. ಎಂಜಿನ್ ಸರಿಯಾಗಿ ಓಡುತ್ತಿರುವಾಗ ಅಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ, ನಡುವೆ ಆಯಿಲ್ ಪದರ ಇರುತ್ತದೆ, ಅದು ತಲೆಕೂದಲಿಗಿಂತ ಎಷ್ಟೋ ಪಟ್ಟು ತೆಳು. ಅಲ್ಲಿಗೆ ಲೋಹದ ಒಂದು ಸಣ್ಣ ಚೂರು ನುಗ್ಗಿದರೂ, ಕ್ರ್ಯಾಂಕ್‌ನ ಮೈ ನಯವಾಗಿಲ್ಲದಿದ್ದರೂ ಆ ಪದರ ಹರಿಯುತ್ತದೆ. ಬಿಸಿ ಏರುತ್ತದೆ, ಬೇರಿಂಗ್ ಸವೆಯುತ್ತದೆ, ಟಕ್ ಟಕ್ ಸದ್ದು ಶುರುವಾಗುತ್ತದೆ. ಕೊನೆಗೆ ಎಂಜಿನ್ ಜಾಮ್ ಆಗುತ್ತದೆ, ಇಲ್ಲವೇ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ಒಡೆದುಕೊಂಡು ಆಚೆ ಬರುತ್ತದೆ.

2025ರ ಏಪ್ರಿಲ್‌ನಲ್ಲಿ ಜನರಲ್ ಮೋಟರ್ಸ್ ತನ್ನ 6.2 ಲೀಟರ್ ವಿ8 ಎಂಜಿನ್ (ಹೆಸರು ಎಲ್87) ಇರುವ ಗಾಡಿಗಳನ್ನು ವಾಪಸ್ ಕರೆದದ್ದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಸುಮಾರು 5,97,000 ಗಾಡಿಗಳು, ಜಗತ್ತಿನಾದ್ಯಂತ ಸುಮಾರು 7,21,000. ಎಲ್ಲ 2021ರಿಂದ 2024ರ ಮಾಡೆಲ್‌ಗಳು: ಷೆವ್ರೊಲೆ ತಾಹೋ, ಸಬರ್ಬನ್, ಜಿಎಂಸಿ ಯುಕಾನ್, ಯುಕಾನ್ ಎಕ್ಸ್‌ಎಲ್, ಕ್ಯಾಡಿಲಾಕ್ ಎಸ್ಕಲೇಡ್, ಜೊತೆಗೆ ಸಿಲ್ವೆರಾಡೊ ಮತ್ತು ಸಿಯೆರಾ 1500 ಪಿಕಪ್‌ಗಳು. ಕಂಪನಿ ಹೇಳಿದ ಕಾರಣ ಎರಡು. ರಾಡ್ ಮತ್ತು ಕ್ರ್ಯಾಂಕ್‌ನ ಆಯಿಲ್ ದಾರಿಗಳಲ್ಲಿ ಕಸ ಉಳಿದಿತ್ತು, ಕ್ರ್ಯಾಂಕ್‌ನ ಅಳತೆ ಮತ್ತು ನಯ ಲೆಕ್ಕಕ್ಕಿಂತ ಆಚೀಚೆ ಇತ್ತು. ವಾಪಸ್ ಕರೆದವುಗಳ ಪೈಕಿ ನಿಜವಾಗಿ ದೋಷ ಇರುವುದು ಸುಮಾರು 3% ಗಾಡಿಗಳಲ್ಲಿ ಮಾತ್ರ ಎಂದೂ ಅಂದಾಜು ಕೊಟ್ಟಿತು.

ಟೊಯೋಟಾ ಕಥೆಯೂ ಇದಕ್ಕೆ ಹತ್ತಿರದ್ದೇ. 2024ರ ಮೇ ತಿಂಗಳಲ್ಲಿ ಸುಮಾರು 1,02,000 ಟಂಡ್ರಾ ಪಿಕಪ್ ಮತ್ತು ಲೆಕ್ಸಸ್ ಎಲ್‌ಎಕ್ಸ್ 600, ಎಲ್ಲ 2022-23ರ ಮಾಡೆಲ್. ಎಂಜಿನ್ ತಯಾರಿಸುವಾಗ ಲೋಹ ಕೊರೆದ ಪುಡಿ ಒಳಗೇ ಉಳಿದು ಮೇನ್ ಬೇರಿಂಗ್ (ಕ್ರ್ಯಾಂಕನ್ನು ಹೊತ್ತು ನಿಲ್ಲುವ ಬೇರಿಂಗ್) ಹಾಳಾಗುತ್ತಿತ್ತು. 2025ರ ನವೆಂಬರ್‌ನಲ್ಲಿ ಇನ್ನೂ ಸುಮಾರು 1,27,000 ಗಾಡಿ ಸೇರಿದವು, ಈ ಸಲ ಲೆಕ್ಸಸ್ ಜಿಎಕ್ಸ್ ಕೂಡ.

ಎರಡೂ ಕಡೆ ತಪ್ಪು ಹುಟ್ಟಿದ್ದು ಫ್ಯಾಕ್ಟರಿಯಲ್ಲಿ. ಹಾಗಾಗಿ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಓರೆಕೋರೆ ಇರುವ ಕ್ರ್ಯಾಂಕ್ ನೆಟ್ಟಗಾಗುವುದಿಲ್ಲ. ಆದರೆ ಎಂಜಿನ್ ಬಿಚ್ಚದೆ ಆ ಬೇರಿಂಗ್ ಸುದ್ದಿ ಹೊರಗೆ ತರುವುದು ಹೆಚ್ಚಾಗಿ ಆಯಿಲೇ. ಮುಂದೆ ಹೇಳುವುದರಲ್ಲಿ ಅರ್ಧ, ಆ ಸುದ್ದಿ ಓದುವುದು ಹೇಗೆ ಅಂತ.

ನಿಮ್ಮ ಗಾಡಿ ಪಟ್ಟಿಯಲ್ಲಿದೆಯಾ? ನಂಬರ್ ಹಾಕಿ ನೋಡಿ

ಮಾಡೆಲ್ ಹೆಸರು ಓದಿ ಗಾಬರಿ ಬೀಳಬೇಡಿ, ನಿಶ್ಚಿಂತೆಯಿಂದಲೂ ಇರಬೇಡಿ. ಒಂದೇ ತಾಹೋದಲ್ಲಿ 5.3 ಲೀಟರ್ ಪೆಟ್ರೋಲ್, 6.2 ಲೀಟರ್ ಪೆಟ್ರೋಲ್, 3.0 ಲೀಟರ್ ಡೀಸೆಲ್ ಎಂದು ಮೂರು ಎಂಜಿನ್ ಸಿಗುತ್ತವೆ. ಈ ರೀಕಾಲ್ 6.2ಕ್ಕೆ ಮಾತ್ರ. ಪಕ್ಕದ ಮನೆಯವರ ತಾಹೋಗೆ ಪತ್ರ ಬಂತು, ನಮಗೆ ಬರಲಿಲ್ಲ ಅಂದರೆ ಕಾರಣ ಇಷ್ಟೇ ಇರಬಹುದು.

ಗಾಡಿಗೆ 17 ಅಕ್ಷರ-ಅಂಕಿಗಳ ವಿನ್ ನಂಬರ್ ಇರುತ್ತದೆ. ಡ್ರೈವರ್ ಕಡೆಯ ವಿಂಡ್‌ಶೀಲ್ಡ್‌ನ ಕೆಳಮೂಲೆಯಲ್ಲಿ ಹೊರಗಿನಿಂದಲೇ ಕಾಣುತ್ತದೆ, ಬಾಗಿಲು ತೆರೆದರೆ ಚೌಕಟ್ಟಿನ ಸ್ಟಿಕ್ಕರ್ ಮೇಲೂ ಇರುತ್ತದೆ. ಬರೆದುಕೊಳ್ಳುವುದಕ್ಕಿಂತ ಫೋಟೋ ತೆಗೆಯುವುದು ವಾಸಿ. ಸೊನ್ನೆಯನ್ನು 'ಓ' ಅಂತ ಓದಿಕೊಳ್ಳುವವರು ಜಾಸ್ತಿ. ವಿನ್‌ನಲ್ಲಿ ಐ, ಓ, ಕ್ಯೂ ಅಕ್ಷರಗಳೇ ಇರುವುದಿಲ್ಲ, ಗುಂಡಗೆ ಕಂಡದ್ದು ಸೊನ್ನೆಯೇ. ಅಮೆರಿಕದಲ್ಲಿ ಮಾರಿದ ಗಾಡಿಯಾದರೆ ಹತ್ತನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ: 2021ಕ್ಕೆ ಎಂ, 2022ಕ್ಕೆ ಎನ್, 2023ಕ್ಕೆ ಪಿ, 2024ಕ್ಕೆ ಆರ್.

ಈ ನಂಬರನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟ್‌ನ ರೀಕಾಲ್ ಪುಟದಲ್ಲಿ ಹಾಕಿ, ಆಮೇಲೆ ಕಂಪನಿಯ ಸೈಟ್‌ನಲ್ಲೂ ಹಾಕಿ. ಬೇರೆ ದೇಶದಲ್ಲಿದ್ದರೆ ಕಂಪನಿಯ ಆ ದೇಶದ ಸೈಟ್ ಅಥವಾ ಡೀಲರ್ ಸಾಕು. ಒಮ್ಮೆ ನೋಡಿ ಬಿಟ್ಟರೆ ಆಗುವುದಿಲ್ಲ. ಟೊಯೋಟಾದಲ್ಲಿ ಮೊದಲ ಸುತ್ತಿನಲ್ಲಿ ಇಲ್ಲದ ಗಾಡಿಗಳು ಎರಡನೇ ಸುತ್ತಿನಲ್ಲಿ ಬಂದವಲ್ಲ, ಹಾಗೇ. ವರ್ಷಕ್ಕೆರಡು ಸಲ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಇನ್ನೂ ಹುಷಾರು. ರೀಕಾಲ್ ಪತ್ರ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ, ಹಳೇ ಮಾಲೀಕರ ಮನೆಗೆ ಹೋಗಿ ಕಸದ ಬುಟ್ಟಿ ಸೇರಿರಬಹುದು. ಅಮೆರಿಕದಲ್ಲಿ ರೀಕಾಲ್ ಬಾಕಿ ಇರುವ ಹೊಸ ಗಾಡಿ ಮಾರುವಂತಿಲ್ಲ, ಆದರೆ ಹಳೇ ಗಾಡಿ ಮಾರಲು ಅಂಥ ತಡೆ ಇಲ್ಲ. ಕೈಗೆ ಕೀ ತೆಗೆದುಕೊಳ್ಳುವ ಮೊದಲೇ ವಿನ್ ಹಾಕಿ ನೋಡಿ.

ಡೀಲರ್ ಹತ್ತಿರ ಏನು ಕೇಳಬೇಕು

ರೀಕಾಲ್ ಕೆಲಸಕ್ಕೆ ದುಡ್ಡು ಕೊಡಬೇಕಿಲ್ಲ. ಅಮೆರಿಕದ ಕಾನೂನಿನಲ್ಲಿ ಗಾಡಿ ಮೊದಲು ಮಾರಾಟವಾಗಿ 15 ವರ್ಷ ದಾಟಿರದಿದ್ದರೆ ಉಚಿತ, ನೀವು ಎಷ್ಟನೇ ಮಾಲೀಕರು ಅನ್ನುವುದು ಲೆಕ್ಕಕ್ಕಿಲ್ಲ. ರೀಕಾಲ್ ಬರುವ ಮೊದಲೇ ಅದೇ ದೋಷಕ್ಕೆ ಕೈಯಿಂದ ಖರ್ಚು ಮಾಡಿ ರಿಪೇರಿ ಮಾಡಿಸಿದ್ದರೆ ರಸೀದಿ ಕೊಟ್ಟು ವಾಪಸ್ ಕೇಳಬಹುದು. ಇದನ್ನು ಕೇಳುವವರು ಬಹಳ ಕಮ್ಮಿ, ನೀವು ಕೇಳಿ.

6.2 ವಿ8 ವಿಷಯದಲ್ಲಿ ಕೆಲಸ ಎರಡು ದಾರಿ ಹಿಡಿಯುತ್ತದೆ. ಡೀಲರ್ ಮೊದಲು ಎಂಜಿನ್ ಪರೀಕ್ಷೆ ಮಾಡುತ್ತಾರೆ. ಫೇಲಾದರೆ ಎಂಜಿನ್ ರಿಪೇರಿ ಅಥವಾ ಹೊಸ ಎಂಜಿನ್. ಪಾಸಾದರೆ 0ಡಬ್ಲ್ಯೂ-40 ಆಯಿಲ್, ಹೊಸ ಫಿಲ್ಟರ್, ಹೊಸ ಮುಚ್ಚಳ, ಮ್ಯಾನುಯಲ್ ಒಳಗೆ ಇಡಲು ಒಂದು ಹಾಳೆ. ಪಾಸಾದವರಿಗೆ 10 ವರ್ಷ ಅಥವಾ 1,50,000 ಮೈಲಿವರೆಗೆ (ಸುಮಾರು 2,40,000 ಕಿಮೀ) ಇದೇ ದೋಷಕ್ಕೆ ವಿಶೇಷ ರಕ್ಷಣೆಯೂ ಇದೆ. ಟೊಯೋಟಾ ಆಯಿಲ್ ತಂಟೆಗೆ ಹೋಗಲಿಲ್ಲ, 2024ರಲ್ಲಿ ವಾಪಸ್ ಕರೆದ ಗಾಡಿಗಳಿಗೆ ಎಂಜಿನ್ನನ್ನೇ ಬದಲಿಸುವ ದಾರಿ ಹಿಡಿಯಿತು.

ಗಾಡಿ ವಾಪಸ್ ತೆಗೆದುಕೊಳ್ಳುವಾಗ ಕೆಲಸದ ಹಾಳೆ ಕೇಳಿ ಪಡೆಯಿರಿ. ಅದರಲ್ಲಿ ರೀಕಾಲ್ ನಂಬರ್, ಅವತ್ತಿನ ಮೈಲೇಜ್, ಪರೀಕ್ಷೆ ಪಾಸೋ ಫೇಲೋ, ಹಾಕಿದ ಆಯಿಲ್ ಗ್ರೇಡ್ ಇರಬೇಕು. "ಎಲ್ಲಾ ಓಕೆ" ಅಂತ ಬಾಯಲ್ಲಿ ಹೇಳಿದ್ದು ನಾಲ್ಕು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಅಲ್ಲೇ ಬಾನೆಟ್ ತೆಗೆದು ಮುಚ್ಚಳ ನೋಡಿ, ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ. ಭಾಗಗಳು ಬರುವುದು ತಡ ಅಂದರೆ ಬದಲಿ ಗಾಡಿ ಕೇಳಿ. ಕೊಡಲೇಬೇಕು ಅಂತೇನಿಲ್ಲ, ಆದರೆ ಕೇಳದವರಿಗೆ ಖಂಡಿತ ಸಿಗುವುದಿಲ್ಲ.

ಮೂರು ಮಾತು ಬೆರೆಸಿಕೊಳ್ಳಬೇಡಿ. ರೀಕಾಲ್ ಅಂದರೆ ಸುರಕ್ಷತೆಯ ದೋಷ, ಕಾನೂನಿನ ಕಟ್ಟು ಇದೆ. ವಿಶೇಷ ರಕ್ಷಣೆ ಅಂದರೆ ಒಂದು ಭಾಗಕ್ಕೆ ಕಂಪನಿ ವಾರಂಟಿ ಉದ್ದ ಮಾಡಿದ್ದು. ಸರ್ವಿಸ್ ಬುಲೆಟಿನ್ ಅಂದರೆ ಮೆಕ್ಯಾನಿಕ್‌ಗಳಿಗೆ ಕಳಿಸಿದ ಸೂಚನೆ, ಅದೊಂದರಿಂದಲೇ ನಿಮಗೆ ಉಚಿತ ಏನೂ ಬರುವುದಿಲ್ಲ.

20 ಹೋಗಿ 40 ಬಂದರೆ ಏನು ಬದಲಾಯಿತು

ಡಬ್ಲ್ಯೂ ಮುಂದಿನ ಸೊನ್ನೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು. ಎರಡೂ ಆಯಿಲ್‌ಗೆ ಅದು ಒಂದೇ. ಹಿಂದಿನ ಅಂಕಿ ಬಿಸಿ ಎಂಜಿನ್‌ನಲ್ಲಿ ಎಷ್ಟು ಗಟ್ಟಿ ಅನ್ನುವುದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಗ್ರೇಡ್ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ (ಗಟ್ಟಿತನದ ಅಳತೆ), 40 ಗ್ರೇಡ್ 12.5ರಿಂದ 16.3. ಗಟ್ಟಿ ಆಯಿಲ್ ಬೇರಿಂಗ್ ನಡುವೆ ದಪ್ಪ ಪದರ ಕಟ್ಟುತ್ತದೆ, ಸಣ್ಣಪುಟ್ಟ ಕೊರತೆ ತಡೆದುಕೊಳ್ಳುತ್ತದೆ. ಬದಲಿಗೆ ಇಂಧನ ಒಂಚೂರು ಜಾಸ್ತಿ ಕುಡಿಯುತ್ತದೆ. ನನ್ನ ಲೆಕ್ಕದಲ್ಲಿ ಇದು ಒಳ್ಳೆಯ ವ್ಯಾಪಾರವೇ.

ಇದನ್ನು ಓದಿ 5.3 ಲೀಟರ್‌ಗೋ ಡೀಸೆಲ್‌ಗೋ 40 ಹಾಕಿಬಿಡಬೇಡಿ. ಅವು ತಮ್ಮ ಮ್ಯಾನುಯಲ್ ಹೇಳಿದಂತೆಯೇ ಇರಬೇಕು. ರೀಕಾಲ್ ಆದ 6.2ಕ್ಕೂ ಬರೀ ಅಂಕಿ ಸರಿ ಇದ್ದರೆ ಸಾಲದು, ಡಬ್ಬಿಯ ಹಿಂದೆ ಡೆಕ್ಸೋಸ್‌ಆರ್ (ಜನರಲ್ ಮೋಟರ್ಸ್‌ನ ಆಯಿಲ್ ಮಾನದಂಡ) ಒಪ್ಪಿಗೆ ಇದೆಯಾ ನೋಡಿ.

ಎಷ್ಟು ದಿನಕ್ಕೆ ಬದಲಿಸಬೇಕು

ಡ್ಯಾಶ್‌ಬೋರ್ಡ್ ಮೇಲೆ ಆಯಿಲ್ ಲೈಫ್ ಶೇಕಡಾವಾರು ತೋರಿಸುತ್ತದಲ್ಲ, ಬಹಳ ಗಾಡಿಗಳಲ್ಲಿ ಅದು ಆಯಿಲನ್ನು ಮುಟ್ಟಿ ನೋಡಿ ಹೇಳುವುದಲ್ಲ. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು ಅಂತೆಲ್ಲ ಲೆಕ್ಕ ಹಾಕಿ ಹೇಳುವುದು. ಒಳಗೆ ಎಂಟು ಲೀಟರ್ ಇದೆಯೋ ನಾಲ್ಕೇ ಇದೆಯೋ ಆ ಲೆಕ್ಕಕ್ಕೆ ಗೊತ್ತಿಲ್ಲ. ಹೊಸದು ಹಾಕದೆ ಸುಮ್ನೆ ರೀಸೆಟ್ ಒತ್ತಿದರೂ 100% ಅಂತ ನಗುತ್ತದೆ.

ನಾನು 5,000 ಮೈಲಿಗೆ, ಅಂದರೆ 8,000 ಕಿಮೀಗೆ ಬದಲಿಸುತ್ತೇನೆ. ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ. ಮ್ಯಾನುಯಲ್ ಇನ್ನೂ ದೂರ ಹೋಗಬಹುದು ಎನ್ನುತ್ತದೆ, ಆದರೆ ದೊಡ್ಡ ಎಸ್‌ಯುವಿಗಳ ಬದುಕು ಹಗುರದ್ದಲ್ಲ. ಹಿಂದೆ ಟ್ರೇಲರ್ ಕಟ್ಟಿರುತ್ತೇವೆ, ಏಸಿ ಹಾಕಿಕೊಂಡು ಶಾಲೆ ಮುಂದೆ ಅರ್ಧ ಗಂಟೆ ಎಂಜಿನ್ ಓಡಿಸುತ್ತಾ ನಿಂತಿರುತ್ತೇವೆ. ನಿಂತಲ್ಲೇ ಓಡುವಾಗ ಮೈಲೇಜ್ ಏರುವುದಿಲ್ಲ, ಆಯಿಲ್ ಮಾತ್ರ ಸುಸ್ತಾಗುತ್ತದೆ. ಹತ್ತು ನಿಮಿಷದ ಓಡಾಟವೇ ಜಾಸ್ತಿ ಇದ್ದರೆ ಆಯಿಲ್ ಸರಿಯಾಗಿ ಬಿಸಿಯೇ ಆಗದೆ ತೇವ, ಪೆಟ್ರೋಲ್ ಎರಡೂ ಅದರಲ್ಲಿ ಉಳಿದುಬಿಡುತ್ತವೆ. ಸಿಲಿಂಡರ್ ಒಳಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಈಗಿನ ಎಂಜಿನ್‌ಗಳಲ್ಲಿ ಈ ಕಾಟ ಹೆಚ್ಚು. ಹಗುರ ಓಟದಲ್ಲಿ ಕೆಲವು ಸಿಲಿಂಡರ್ ಮಲಗಿಸುವ ವ್ಯವಸ್ಥೆ ಇರುವ ವಿ8ಗಳಲ್ಲಿ ಲಿಫ್ಟರ್‌ಗಳು (ವಾಲ್ವ್ ತೆರೆಯಲು ತಳ್ಳುವ ಭಾಗಗಳು) ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತವೆ, ಕೊಳೆ ಆಯಿಲ್ ಅವಕ್ಕೂ ಆಗದು.

ಡಿಪ್‌ಸ್ಟಿಕ್ ಮಾತ್ರ ತಿಂಗಳಿಗೆರಡು ಸಲ ನೋಡಿ. ಸಮ ನೆಲದಲ್ಲಿ ನಿಲ್ಲಿಸಿ, ಬಿಸಿ ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಹತ್ತು ನಿಮಿಷ ಬಿಡಿ, ಕಡ್ಡಿ ಒರೆಸಿ ಮತ್ತೆ ಅದ್ದಿ ತೆಗೆಯಿರಿ. ಮಟ್ಟ ಇಳಿದಿದ್ದರೆ ಬರೆದಿಟ್ಟುಕೊಂಡು ತುಂಬಿಸಿ. ಏರಿದ್ದರೆ ಖುಷಿಪಡಬೇಡಿ, ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗಿದೆ. ಹಾಲು ಬೆರೆಸಿದ ಬಣ್ಣ ಇದ್ದರೆ ಕೂಲಂಟ್ ಸೇರಿರಬಹುದು, ಗಾಡಿ ಓಡಿಸುವುದು ನಿಲ್ಲಿಸಿ.

ಮನೆಯಲ್ಲೇ ಬದಲಿಸುವುದಾದರೆ

ಎಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿಕೊಳ್ಳಿ, ಕೈ ಸುಡುವಷ್ಟು ಬೇಡ. ಗಟ್ಟಿ ಸಮ ನೆಲ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಪಾರ್ಕಿಂಗ್ ಬ್ರೇಕ್. ಎರಡೂವರೆ ಟನ್ ಗಾಡಿ ಇದು, ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ರ‍್ಯಾಂಪ್ ಅಥವಾ ಜ್ಯಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವೇ ಬೇಡ.

ಕೆಳಗಿಡುವ ತಟ್ಟೆ ದೊಡ್ಡದಿರಲಿ. 6.2 ವಿ8ನಲ್ಲಿ 8 ಕ್ವಾರ್ಟ್, ಅಂದರೆ ಸುಮಾರು 7.6 ಲೀಟರ್ ಆಯಿಲ್ ಇರುತ್ತದೆ. ಸಣ್ಣ ಕಾರಿನ ತಟ್ಟೆ ಇಟ್ಟರೆ ನೆಲವೆಲ್ಲಾ ಆಯಿಲ್. ಮೊದಲು ಮೇಲಿನ ಮುಚ್ಚಳ ತೆಗೆಯಿರಿ, ಆಮೇಲೆ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ. ಹನಿ ನಿಲ್ಲುವವರೆಗೆ ಕಾಯಿರಿ, ಅವಸರ ಬೇಡ.

ಹಳೇ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಬಳೆ ಫಿಲ್ಟರ್ ಜೊತೆಗೇ ಬಂತಾ ನೋಡಿ. ಕೆಲವೊಮ್ಮೆ ಅದು ಎಂಜಿನ್‌ಗೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೇ ಹೊಸದು ಕೂರಿಸಿದರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಚಿಮ್ಮುತ್ತದೆ. ಹೊಸ ರಬ್ಬರ್‌ಗೆ ಬೆರಳಲ್ಲಿ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿ, ಸ್ಪ್ಯಾನರ್ ಬೇಡ. ಡ್ರೈನ್ ಪ್ಲಗ್‌ಗೆ ಮ್ಯಾನುಯಲ್‌ನಲ್ಲಿರುವಷ್ಟೇ ಬಿಗಿ, ಟಾರ್ಕ್ ರೆಂಚ್ ಬಳಸಿ. "ಇನ್ನೊಂಚೂರು ಇರಲಿ" ಅಂತ ಬಲ ಹಾಕಿಯೇ ಪ್ಲಗ್‌ನ ಥ್ರೆಡ್ ಹಾಳಾಗುವುದು.

ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು, ಸ್ಟಾರ್ಟ್ ಮಾಡಿ, ಆಯಿಲ್ ದೀಪ ಆರಿತಾ ನೋಡಿ. ಒಂದು ನಿಮಿಷ ಓಡಿಸಿ ಆರಿಸಿ. ಕೆಳಗೆ ಸೋರಿಕೆ ನೋಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿಕೊಂಡು ಉಳಿದದ್ದು ಹಾಕಿ. ಜಾಸ್ತಿ ಹಾಕಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆ ಬೇರಿಂಗ್ ಕಾಯುವುದಿಲ್ಲ. ಹಳೇ ಆಯಿಲ್ ಚರಂಡಿಗೆ ಬೇಡ, ಡಬ್ಬಿಗೆ ತುಂಬಿ ವಾಪಸ್ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಫಿಲ್ಟರ್ ಕತ್ತರಿಸಿ ನೋಡಿ

ಇಲ್ಲೇ ಸುದ್ದಿ ಇರುವುದು. ಫಿಲ್ಟರ್ ಕಟರ್ ಅಂತ ಡಬ್ಬಿ ತೆರೆಯುವ ಸಾಧನದಂಥದ್ದು ಸಿಗುತ್ತದೆ, ಅದನ್ನೇ ಬಳಸಿ. ಗರಗಸದಲ್ಲಿ ಕೊಯ್ದರೆ ಗರಗಸದ ಪುಡಿಯೇ ಒಳಗೆ ಬಿದ್ದು, ಅದನ್ನು ನೋಡಿ ನೀವು ರಾತ್ರಿಯೆಲ್ಲಾ ನಿದ್ದೆ ಬಿಡುತ್ತೀರಿ (ನನ್ನ ಮೊದಲ ಸಲ ಹೀಗೇ ಆಯಿತು). ಒಳಗಿನ ಮಡಿಕೆ ಕಾಗದ ಕತ್ತರಿಸಿ, ಆಯಿಲ್ ಹಿಂಡಿ, ಬಿಳಿ ಕಾಗದದ ಮೇಲೆ ಬಿಸಿಲಿಗೆ ಹರಡಿ. ಒಂದೊಂದೇ ಮಡಿಕೆ ಬಿಡಿಸುತ್ತಾ ಹೋಗಿ.

ಕರಿ ಮಸಿ, ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಸಹಜ. ಹೊಸ ಎಂಜಿನ್‌ನ ಮೊದಲ ಫಿಲ್ಟರ್‌ನಲ್ಲಿ ಸ್ವಲ್ಪ ಮಿನುಗು ಕಾಣುವುದೂ ಉಂಟು. ಮಡಿಕೆ ಮಡಿಕೆಯಲ್ಲೂ ಮಿಂಚುವ ಚಕ್ಕೆ ಕಂಡರೆ ಮಾತ್ರ ವಿಷಯ ಬೇರೆ. ಆಗ ಆಯಸ್ಕಾಂತ ಆಡಿಸಿ ನೋಡಿ. ಅಂಟಿದರೆ ಕಬ್ಬಿಣ ಅಥವಾ ಉಕ್ಕು. ಅಂಟಲಿಲ್ಲ ಅಂದರೆ ಸಮಾಧಾನ ಪಡುವಂತಿಲ್ಲ, ಯಾಕೆಂದರೆ ಬೇರಿಂಗ್‌ನ ಮೇಲ್ಪದರ ಅಲ್ಯೂಮಿನಿಯಂ, ತಾಮ್ರದಂಥದ್ದು, ಅದಕ್ಕೆ ಆಯಸ್ಕಾಂತ ಹಿಡಿಯುವುದೇ ಇಲ್ಲ. ಫೋಟೋ ತೆಗೆದು, ಚಕ್ಕೆಗಳನ್ನು ಪೊಟ್ಟಣ ಕಟ್ಟಿ, ದಿನಾಂಕ ಬರೆದು ಇಟ್ಟುಕೊಳ್ಳಿ. ಅದೇ ದಿನ ಡೀಲರ್‌ಗೆ ಫೋನ್ ಮಾಡಿ.

ಇದರ ಜೊತೆ ಆಯಿಲ್ ಸ್ಯಾಂಪಲ್ ಲ್ಯಾಬ್‌ಗೂ ಕಳಿಸಬಹುದು. ಲ್ಯಾಬ್‌ಗೆ ಸಿಗುವುದು ಕಣ್ಣಿಗೆ ಕಾಣದ ಪುಡಿ, ಫಿಲ್ಟರ್‌ನಲ್ಲಿ ಸಿಗುವುದು ಕಾಣುವ ಚೂರು. ತಾಮ್ರ, ಸೀಸ, ತವರ, ಅಲ್ಯೂಮಿನಿಯಂ ಏರಿದರೆ ಬೇರಿಂಗ್ ಕಡೆ ಅನುಮಾನ, ಸಿಲಿಕಾನ್ ಏರಿದರೆ ಧೂಳು, ಸೋಡಿಯಂ ಮತ್ತು ಪೊಟ್ಯಾಸಿಯಂ ಏರಿದರೆ ಕೂಲಂಟ್. ಒಂದು ವರದಿಗಿಂತ ಮೂರು ವರದಿ ಪಕ್ಕಪಕ್ಕ ಇಟ್ಟು ಓದುವುದು ಮುಖ್ಯ.

ಕಿವಿ ಕೊಡಿ

ಎಂಜಿನ್ ಮೇಲ್ಗಡೆಯಿಂದ ಬರುವ ಹಗುರವಾದ ಟಿಕ್ ಟಿಕ್ ಬಹುಪಾಲು ಲಿಫ್ಟರ್ ಅಥವಾ ಇಂಜೆಕ್ಟರ್. ಕೆಳಗಿನಿಂದ, ಬಾಗಿಲು ಬಡಿದಂತೆ ದಪ್ಪಗೆ, ಆಕ್ಸಿಲರೇಟರ್ ಒತ್ತಿದಷ್ಟೂ ಜೋರಾಗಿ ಬರುವ ಟಕ್ ಟಕ್ ರಾಡ್ ಬೇರಿಂಗ್‌ನದ್ದಿರಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಡೀಲರ್ ಮುಂದೆ ನಿಂತಾಗ ಆ ಸದ್ದು ಮಾಯವಾಗುವುದು ಎಲ್ಲರ ಅನುಭವ ಅಲ್ವಾ? ಚೆಕ್ ಎಂಜಿನ್ ದೀಪ, ಮುಗ್ಗರಿಸುವ ಎಳೆತ, ಆರ್‌ಪಿಎಂ ಏರುಪೇರು, ಗಾಡಿಯ ಕಂಪ್ಯೂಟರ್ ಕೊಡುವ ಪಿ0016 ದೋಷ ಕೋಡ್ (ಕ್ರ್ಯಾಂಕ್ ಮತ್ತು ವಾಲ್ವ್ ತೆರೆಯುವ ಕ್ಯಾಮ್ ತಾಳ ತಪ್ಪಿದೆ ಅಂತ) ಇವೂ ಗಮನಿಸುವಂಥವು.

ಕೆಂಪು ಆಯಿಲ್ ದೀಪ ಹತ್ತಿದರೆ ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ ಅನ್ನಬೇಡಿ, ಬದಿಗೆ ತಂದು ತಕ್ಷಣ ಆರಿಸಿ. ಓಡುವಾಗಲೇ ಎಂಜಿನ್ ಸತ್ತರೆ ಹಜಾರ್ಡ್ ದೀಪ ಹಾಕಿ, ಸ್ಟೀರಿಂಗ್ ಗಟ್ಟಿಯಾಗಬಹುದು, ಎರಡೂ ಕೈಯಲ್ಲಿ ಹಿಡಿಯಿರಿ. ಬ್ರೇಕ್ ಮತ್ತೆ ಮತ್ತೆ ತುಳಿಯದೆ ಒಂದೇ ಸಮ ಒತ್ತಿಕೊಂಡು ಬದಿಗೆ ಬನ್ನಿ. ಮತ್ತೆ ಸ್ಟಾರ್ಟ್ ಮಾಡಲು ಹೋಗದೆ ಟೋ ಗಾಡಿ ಕರೆಸಿ.

ಕಾಗದ, ದೂರು

ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆ ಪ್ರಕಾರ ಆಯಿಲ್ ನೀವೇ ಬದಲಿಸಿದಿರಿ, ಹೊರಗೆ ಬದಲಿಸಿದಿರಿ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ತಳ್ಳಿಹಾಕುವಂತಿಲ್ಲ. ಆದರೆ ಬದಲಿಸಿದ್ದಕ್ಕೆ ಸಾಕ್ಷಿ ನಿಮ್ಮ ಹತ್ತಿರ ಇರಬೇಕು. ಆಯಿಲ್ ಮತ್ತು ಫಿಲ್ಟರ್ ರಸೀದಿ, ಅವತ್ತಿನ ಓಡೋಮೀಟರ್ ಫೋಟೋ, ಡಬ್ಬಿಯ ಹಿಂಬದಿ ಫೋಟೋ. ನಾನು ಎಲ್ಲವನ್ನೂ ಫೋನಿನಲ್ಲಿ ಒಂದೇ ಫೋಲ್ಡರ್‌ಗೆ ಹಾಕುತ್ತೇನೆ, ಜೊತೆಗೆ ಮುಚ್ಚಳದ ಫೋಟೋ ಕೂಡ. ಮೇಲೆ ಹೇಳಿದ ಹುಡುಗನಂಥವರಿಗೆ ತೋರಿಸಲು ಬೇಕಾಗುತ್ತದೆ.

ನಿಮ್ಮ ಗಾಡಿಯಲ್ಲಿ ದೋಷ ಕಂಡು, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ, ಅಥವಾ ರೀಕಾಲ್ ಕೆಲಸ ಆದ ಮೇಲೂ ಕೆಟ್ಟರೆ, ಎನ್‌ಎಚ್‌ಟಿಎಸ್‌ಎಗೆ ದೂರು ಬರೆಯಿರಿ. 6.2 ವಿ8 ಬಗ್ಗೆ ಅವರು 2025ರ ಜನವರಿಯಲ್ಲಿ 8,77,710 ಗಾಡಿಗಳ ಮೇಲೆ ತನಿಖೆ ತೆರೆದಾಗ ಕೈಯಲ್ಲಿದ್ದ ಮಾಲೀಕರ ದೂರುಗಳು 39. ವಿನ್, ಮೈಲೇಜ್, ಯಾವ ವೇಗದಲ್ಲಿ ಏನಾಯಿತು, ಯಾವ ಸದ್ದು ಎಷ್ಟು ದಿನದಿಂದ ಇತ್ತು, ಯಾವ ಆಯಿಲ್ ಯಾವಾಗ ಹಾಕಿದ್ದಿರಿ, ಇಷ್ಟು ಬರೆದು ಫಿಲ್ಟರ್ ಫೋಟೋ ಸೇರಿಸಿದರೆ ಹದಿನೈದು ನಿಮಿಷದ ಕೆಲಸ.